ಕಂಪ್ಯೂಟರ್ ಸೈನ್ಸ್ ಓದುವವಳಿಗೆ ಚರಿತ್ರೆ ಯಾಕೆ? ಟೆಕ್ಸಸ್‌ನ 42 ಕ್ರೆಡಿಟ್‌ಗಳ ಲೆಕ್ಕ

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಫ್ರಿಸ್ಕೊದಲ್ಲಿದ್ದೇವೆ. ಮಗಳಿಗೆ ಟೆಕ್ಸಸ್‌ನದೇ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ 42 ಕ್ರೆಡಿಟ್ ‘ಕೋರ್ ಕರಿಕ್ಯುಲಮ್’ ಅಂತೆ: ಅಮೆರಿಕದ ಚರಿತ್ರೆ, ಸರ್ಕಾರ, ಕಲೆ, ಇಂಗ್ಲಿಷ್. ನಾನು ಮೈಸೂರಿನಲ್ಲಿ ಬಿಇ ಮಾಡಿದವನು, ನಮಗೆ ಇಂಥದ್ದೇನೂ ಇರಲಿಲ್ಲ. ಮಗಳ ಹತ್ತಿರ ಇಂಗ್ಲಿಷ್, ಅಮೆರಿಕದ ಚರಿತ್ರೆ, ಸರ್ಕಾರ ಮತ್ತು ಸೈಕಾಲಜಿಯಲ್ಲಿ ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕಗಳಿವೆ, ಎಲ್ಲದರಲ್ಲೂ 5ಕ್ಕೆ 4. ಎಲ್ಲವನ್ನೂ ಬಳಸಿಕೊಂಡು, ಉಳಿದದ್ದನ್ನು ಬೇಸಿಗೆಯಲ್ಲಿ ಆನ್‌ಲೈನ್ ಮುಗಿಸಿಬಿಡಬಹುದೇ? ಇದು ದುಡ್ಡು ದಂಡ ಅಲ್ಲವೇ?

ಉತ್ತರ: ನಿಮ್ಮನ್ನು ಗಾಬರಿಪಡಿಸಿರುವುದು 42 ಎಂಬ ಅಂಕಿ. ಮೊದಲು ಅದನ್ನೇ ಬಿಡಿಸಿ ನೋಡೋಣ.

ಟೆಕ್ಸಸ್‌ನ ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಕಮ್ಯುನಿಟಿ ಕಾಲೇಜುಗಳಿಗೂ ಕೋರ್‌ನ ಚೌಕಟ್ಟು ಒಂದೇ. ಈಗಿನ ರೂಪ 2014ರಿಂದ ಜಾರಿಯಲ್ಲಿದೆ. ಸಂವಹನ, ಅಂದರೆ ಮುಖ್ಯವಾಗಿ ಇಂಗ್ಲಿಷ್ ಬರವಣಿಗೆ, 6 ಕ್ರೆಡಿಟ್. ಗಣಿತ 3. ವಿಜ್ಞಾನ 6. ಭಾಷೆ, ತತ್ತ್ವಶಾಸ್ತ್ರ, ಸಂಸ್ಕೃತಿ ಸೇರಿದ ಒಂದು ಗುಂಪು 3. ಕಲೆ 3. ಅಮೆರಿಕದ ಚರಿತ್ರೆ 6, ಸರ್ಕಾರ ಮತ್ತು ರಾಜಕೀಯ 6. ಸಮಾಜವಿಜ್ಞಾನ 3. ಕೊನೆಯ 6 ಕ್ರೆಡಿಟ್ ಅನ್ನು ಆಯಾ ವಿಶ್ವವಿದ್ಯಾಲಯ ತನಗೆ ಬೇಕಾದಂತೆ ತುಂಬಿಕೊಳ್ಳುತ್ತದೆ. ಕೂಡಿದರೆ 42.

ಈಗ ಮಗಳ ಮೇಜರ್, ಅಂದರೆ ಮುಖ್ಯ ವಿಷಯ, ನೋಡಿ. ಕಂಪ್ಯೂಟರ್ ಸೈನ್ಸ್‌ಗೆ ಕ್ಯಾಲ್ಕ್ಯುಲಸ್ ಹೇಗೂ ಬೇಕು, ಸಾಮಾನ್ಯವಾಗಿ ಫಿಸಿಕ್ಸ್‌ನ ಎರಡು ಕೋರ್ಸ್‌ಗಳೂ ಬೇಕು. ಕೋರ್‌ನ ಗಣಿತ 3, ವಿಜ್ಞಾನ 6 ಅಲ್ಲೇ ತುಂಬಿಹೋಗುತ್ತವೆ. ಕ್ಯಾಲ್ಕ್ಯುಲಸ್ 4 ಕ್ರೆಡಿಟ್‌ನದು, ಲ್ಯಾಬ್ ಸೇರಿದ ಫಿಸಿಕ್ಸ್ ಕೂಡ ತಲಾ 4. ಹೀಗೆ ಮಿಗುವ 3 ಕ್ರೆಡಿಟ್ ಅನ್ನು ಕೊನೆಯ 6ರ ಗುಂಪಿಗೆ ಹಾಕಿಕೊಳ್ಳಲು ಎಷ್ಟೋ ಕಡೆ ಬಿಡುತ್ತಾರೆ. ಅಲ್ಲಿಗೆ ಮೇಜರ್‌ಗೆ ಸಂಬಂಧವಿಲ್ಲದೆ ಉಳಿಯುವುದು 30 ಕ್ರೆಡಿಟ್, ಅಂದರೆ ಹತ್ತು ಕೋರ್ಸ್: ಇಂಗ್ಲಿಷ್ ಎರಡು, ಚರಿತ್ರೆ ಎರಡು, ಸರ್ಕಾರ ಎರಡು, ಮಿಕ್ಕ ನಾಲ್ಕು ಗುಂಪುಗಳಲ್ಲಿ ಒಂದೊಂದು. ಎಂಟು ಸೆಮಿಸ್ಟರ್‌ಗೆ ಹಂಚಿದರೆ ಸೆಮಿಸ್ಟರ್‌ಗೆ ಒಂದು, ಎರಡು ಬಾರಿ ಮಾತ್ರ ಎರಡೆರಡು.

ಬಿಇಯಲ್ಲಿ ಇಂಥದ್ದೇನೂ ಇರಲಿಲ್ಲ ಎಂದಿರಿ. ಆದರೆ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎಲ್ಲ ಬ್ರಾಂಚಿನವರೂ ಒಟ್ಟಿಗೆ ಓದುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆಯಲ್ಲ. ಕಂಪ್ಯೂಟರ್ ಬ್ರಾಂಚಿನವರೂ ವರ್ಕ್‌ಶಾಪಿನಲ್ಲಿ ಅರ ಹಿಡಿದು ಫಿಟ್ಟಿಂಗ್ ಮಾಡುತ್ತಿದ್ದರು, ಎಂಜಿನಿಯರಿಂಗ್ ಡ್ರಾಯಿಂಗ್ ಬರೆಯುತ್ತಿದ್ದರು, ಸಿವಿಲ್‌ನ ಮೊದಲ ಪಾಠ ಓದುತ್ತಿದ್ದರು. ಬೇರೆಯವರ ಕೆಲಸದ ಗಂಧ ಎಂಜಿನಿಯರ್‌ಗೆ ಇರಲಿ ಎಂಬ ಆಲೋಚನೆ ಅದು. ನಮ್ಮಲ್ಲಿ ಆ ಬೇಲಿ ಎಂಜಿನಿಯರಿಂಗ್‌ನ ಒಳಗೇ ನಿಂತಿತು, ಅಮೆರಿಕದಲ್ಲಿ ಅದನ್ನು ಇಡೀ ವಿದ್ಯೆಗೆ ವಿಸ್ತರಿಸಿದರು.

ಹಾಗೆ ವಿಸ್ತರಿಸಿದ್ದಕ್ಕೂ ಒಂದು ಹಿನ್ನೆಲೆಯಿದೆ. 1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಕಡ್ಡಾಯ ವಿಷಯಗಳನ್ನು ಸಡಿಲಿಸುತ್ತಾ ಹೋಗಿ, ಬೇಕಾದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಕೆಲವೇ ದಶಕಗಳಲ್ಲಿ ಅದರ ಅಡ್ಡ ಪರಿಣಾಮ ಕಂಡಿತು. ಒಂದೇ ಕಾಲೇಜಿನಿಂದ ಪದವಿ ಪಡೆದ ಇಬ್ಬರು ಒಂದೇ ಒಂದು ಪುಸ್ತಕವನ್ನೂ ಸಮಾನವಾಗಿ ಓದಿರದಿರುವುದು ಸಾಧ್ಯವಾಯಿತು. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೇ, 1919ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯ ಎಲ್ಲರೂ ಓದಬೇಕಾದ ನಾಗರಿಕತೆಯ ಕೋರ್ಸ್ ಶುರುಮಾಡಿತು. 1945ರಲ್ಲಿ ಹಾರ್ವರ್ಡ್‌ನದೇ ಸಮಿತಿಯೊಂದು ಸಾಮಾನ್ಯ ಶಿಕ್ಷಣ ಬೇಕೇ ಬೇಕು ಎಂದು ವರದಿ ಕೊಟ್ಟಿತು. ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಅಬೆಟ್ ಸಂಸ್ಥೆ ಕೂಡ ಗಣಿತ-ವಿಜ್ಞಾನಕ್ಕೆ ಕನಿಷ್ಠ 30 ಕ್ರೆಡಿಟ್, ಎಂಜಿನಿಯರಿಂಗ್‌ಗೆ 45 ಎಂದು ಹೇಳಿ, ಇವುಗಳ ಜೊತೆಗೆ ವಿಶಾಲ ಶಿಕ್ಷಣದ ಭಾಗವೊಂದು ಇರಲೇಬೇಕು ಎನ್ನುತ್ತದೆ.

ಹಾಗಂತ ಹತ್ತೂ ಕೋರ್ಸ್‌ಗಳು ಒಂದೇ ತೂಕದವು ಅಂತ ನಾನು ಹೇಳುವುದಿಲ್ಲ. ನನ್ನ ಮಟ್ಟಿಗೆ ಇವುಗಳಲ್ಲಿ ಮೂರನ್ನು ಯಾವ ಕಾರಣಕ್ಕೂ ಅವಸರದಲ್ಲಿ ಮುಗಿಸಬಾರದು: ಒಂದು ಬರವಣಿಗೆಯ ಕೋರ್ಸ್, ಒಂದು ಚರಿತ್ರೆ, ಟೆಕ್ಸಸ್ ಸರ್ಕಾರದ ಕೋರ್ಸ್. ಉಳಿದವುಗಳಲ್ಲಿ ರಾಜಿ ಮಾಡಿಕೊಳ್ಳಬಹುದು.

ಬರವಣಿಗೆಯಿಂದ ಶುರುಮಾಡೋಣ. ಇಂಗ್ಲಿಷ್ 1301, 1302 ಎಂಬ ಈ ಕೋರ್ಸ್‌ಗಳನ್ನು ವ್ಯಾಕರಣದ ಪಾಠ ಅಂದುಕೊಳ್ಳುವವರೇ ಹೆಚ್ಚು. ಅಲ್ಲಿ ನಿಜವಾಗಿ ನಡೆಯುವುದು ತಿದ್ದಿ ತಿದ್ದಿ ಬರೆಯುವ ಕೆಲಸ. ವಿದ್ಯಾರ್ಥಿ ಮೊದಲ ಕರಡಿನಲ್ಲಿ ‘ಸೋಷಿಯಲ್ ಮೀಡಿಯಾ ಹದಿಹರೆಯದವರಿಗೆ ಹಾನಿಕರ’ ಎಂದು ಬರೆಯುತ್ತಾಳೆ. ಯಾವ ಮೀಡಿಯಾ, ಎಷ್ಟು ವಯಸ್ಸಿನವರಿಗೆ, ಏನು ಹಾನಿ, ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀಯ ಎಂದು ಪಕ್ಕದಲ್ಲಿ ಗುರುತು ಬೀಳುತ್ತದೆ. ಮೂರನೇ ಕರಡಿನ ಹೊತ್ತಿಗೆ ಅದೇ ವಾಕ್ಯ ‘ರಾತ್ರಿ ಹತ್ತರ ಮೇಲೆ ಬರುವ ನೋಟಿಫಿಕೇಷನ್‌ಗಳನ್ನು ತಡೆದರೆ ಒಂಬತ್ತನೇ ತರಗತಿಯ ಮಕ್ಕಳು ಬೇಗ ಮಲಗುತ್ತಾರೆ’ ಎಂದಾಗಿರುತ್ತದೆ. ಮೊದಲನೆಯದಕ್ಕೆ ತಲೆಯಾಡಿಸಬಹುದು, ಅಷ್ಟೆ. ಎರಡನೆಯದನ್ನು ಪರೀಕ್ಷಿಸಿ ನೋಡಬಹುದು.

ಇದೇ ಶಿಸ್ತು ನಾಳೆ ಅವಳ ಕೆಲಸದಲ್ಲಿ ಬೇಕಾಗುವುದು. ‘ಲಾಗಿನ್ ಆಗ್ತಿಲ್ಲ’ ಎಂದು ಬಗ್ ರಿಪೋರ್ಟ್ ಬರೆದರೆ ನಾಲ್ಕು ಜನರ ಅರ್ಧ ದಿನ ಹೋಗುತ್ತದೆ. ‘ಪಾಸ್‌ವರ್ಡ್ ಬದಲಿಸಿದ ಮೊದಲ ಐದು ನಿಮಿಷ, ಆಂಡ್ರಾಯ್ಡ್‌ನಲ್ಲಿ ಮಾತ್ರ ಲಾಗಿನ್ ಆಗುತ್ತಿಲ್ಲ, ವೆಬ್‌ನಲ್ಲಿ ಆಗುತ್ತಿದೆ, ಹಳೆಯ ಟೋಕನ್ ಫೋನಿನಲ್ಲೇ ಉಳಿದಿದೆ ಎಂಬ ಅನುಮಾನ’ ಎಂದು ಬರೆದರೆ ಎಲ್ಲಿ ಹುಡುಕಬೇಕು ಎಂಬುದು ಓದಿದವರಿಗೆ ಕೂಡಲೇ ಗೊತ್ತಾಗುತ್ತದೆ. ಪ್ರಬಂಧವನ್ನು ಚಾಟ್‌ಜಿಪಿಟಿಯಿಂದ ಬರೆಸಿ ಒಪ್ಪಿಸಿದರೆ ಗ್ರೇಡ್ ಬಂದೀತು. ತಿದ್ದುವ ಈ ಕೆಲಸವೇ ಕೈತಪ್ಪಿ ಹೋಗುವುದರಿಂದ ಮೂರು ಕ್ರೆಡಿಟ್‌ಗೆ ಕಟ್ಟಿದ ಫೀಸು ಆಗ ನಿಜಕ್ಕೂ ದಂಡ.

ಇನ್ನು ಚರಿತ್ರೆ. ಟೆಕ್ಸಸ್‌ನಲ್ಲಿ ಇದನ್ನು ಕಾಯ್ದೆಯೇ ಕಡ್ಡಾಯ ಮಾಡಿದೆ, ಆದ್ದರಿಂದ ಮೇಜರ್ ಯಾವುದಾದರೂ ತಪ್ಪಿಸಿಕೊಳ್ಳುವಂತಿಲ್ಲ. ಎರಡನೇ ಭಾಗ, ಅಂದರೆ ಚರಿತ್ರೆ 1302, ಅಂತರ್ಯುದ್ಧ ಮುಗಿದ 1865ರ ಸುಮಾರಿನಿಂದ ಈವರೆಗಿನ ಕತೆ. ನಮ್ಮ ಮನೆಗಳ ಮಕ್ಕಳಿಗೆ ಇದರಲ್ಲಿ ಏನಿದೆ ಎನ್ನುವವರಿಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ತೋರಿಸಬೇಕು. ಆಗ ಅಮೆರಿಕದ ಪೌರರಾಗಲು ಹೊರಗಿನವರು ‘ಬಿಳಿಯರು’ ಇಲ್ಲವೇ ಆಫ್ರಿಕನ್ ಮೂಲದವರು ಆಗಿರಬೇಕಿತ್ತು. ಜಪಾನ್‌ನಿಂದ ಬಂದ ತಕಾವೊ ಒಜಾವಾ ಅರ್ಜಿ ಹಾಕಿದಾಗ, 1922ರ ನವೆಂಬರ್‌ನಲ್ಲಿ, ಬಿಳಿಯರೆಂದರೆ ಕಕೇಸಿಯನ್ ಜನಾಂಗದವರು, ನೀವು ಆ ಜನಾಂಗದವರಲ್ಲ ಎಂದು ಕೋರ್ಟು ತಳ್ಳಿಹಾಕಿತು. ಮೂರೇ ತಿಂಗಳಾದ ಮೇಲೆ, 1923ರ ಫೆಬ್ರುವರಿಯಲ್ಲಿ, ಪಂಜಾಬಿನಿಂದ ಬಂದು ಅಮೆರಿಕದ ಸೈನ್ಯದಲ್ಲೂ ಇದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಬಂತು. ಆ ಕಾಲದ ಜನಾಂಗಶಾಸ್ತ್ರದ ಪ್ರಕಾರ ತಾನು ಕಕೇಸಿಯನ್ ಎಂಬುದು ಅವರ ವಾದ. ಕೋರ್ಟು ಈಗ ಶಾಸ್ತ್ರವನ್ನು ಪಕ್ಕಕ್ಕಿಟ್ಟು, ಬಿಳಿಯ ಯಾರೆಂಬುದು ಸಾಮಾನ್ಯ ಮನುಷ್ಯನ ತಿಳಿವಳಿಕೆಗೆ ಬಿಟ್ಟದ್ದು ಎಂದಿತು. ಎರಡೂ ತೀರ್ಪು ಬರೆದವರು ಒಬ್ಬರೇ ನ್ಯಾಯಮೂರ್ತಿ, ಜಾರ್ಜ್ ಸದರ್ಲೆಂಡ್.

ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಿ, ವಾದ ಎಲ್ಲಿ ಮಗುಚಿಕೊಂಡಿತು ಎಂದು ಎರಡು ಪುಟ ಬರೆ ಎಂದರೆ ಹದಿನೆಂಟರ ಹುಡುಗಿ ಕಲಿಯುವುದು ಇಸವಿಗಳನ್ನಲ್ಲ. ತೀರ್ಮಾನ ಮೊದಲೇ ಆಗಿ ಕಾರಣ ಆಮೇಲೆ ಹುಟ್ಟುವುದು ಹೇಗೆ ಎಂಬುದನ್ನು ಅವಳು ಕಣ್ಣಾರೆ ನೋಡುತ್ತಾಳೆ. ಅಲ್ಲಿಂದ ಮುಂದೆ ದಾರಿ ನೇರ ನಮ್ಮ ಮನೆ ಬಾಗಿಲಿಗೇ ಬರುತ್ತದೆ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು, ಜೊತೆಗೆ ವರ್ಷಕ್ಕೆ 100 ಜನರ ಕೋಟಾ. 1965ರ ಕಾಯ್ದೆ ಹಳೆಯ ಕೋಟಾಗಳನ್ನು ತೆಗೆದುಹಾಕಿತು. 1990ರ ಕಾಯ್ದೆಯಿಂದ ಎಚ್-1ಬಿ ಎಂಬ ಕೆಲಸದ ವೀಸಾ ಬಂತು. ಉದ್ಯೋಗದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇಕಡ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯಿಂದಾಗಿ ಎಷ್ಟು ಕನ್ನಡ ಕುಟುಂಬಗಳು ವರ್ಷಗಟ್ಟಲೆ ಸರದಿಯಲ್ಲಿ ನಿಂತಿವೆ ಎಂಬುದು ನಿಮಗೆ ಬೇರೆ ಹೇಳಬೇಕಿಲ್ಲ. ತನ್ನ ಅಪ್ಪ ಅಮ್ಮ ಈ ಊರಿಗೆ ಬಂದದ್ದು ಹೇಗೆ ಎಂಬುದು ಮಗಳಿಗೆ ಕ್ಲಾಸಿನಲ್ಲಿ ಗೊತ್ತಾದರೆ ಅದಕ್ಕಿಂತ ಹತ್ತಿರದ ಪಾಠ ಯಾವುದಿದೆ?

ಸರ್ಕಾರದ ಎರಡು ಕೋರ್ಸ್‌ಗಳಲ್ಲಿ 2305 ಕೇಂದ್ರದ್ದು, 2306 ಟೆಕ್ಸಸ್‌ನದು. ಎರಡನೆಯದನ್ನು ಎಲ್ಲರೂ ಹಗುರವಾಗಿ ಕಾಣುತ್ತಾರೆ, ನನಗೆ ಅದೇ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಶಾಲೆಗಳು ನಿಂತಿರುವುದು ಹೆಚ್ಚಾಗಿ ಮನೆ ತೆರಿಗೆಯ ಮೇಲೆ. ನಿಮ್ಮ ಮನೆಗೆ ಬರುವ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ದೊಡ್ಡ ಸಾಲು ಸ್ಕೂಲ್ ಡಿಸ್ಟ್ರಿಕ್ಟ್‌ನದು. ಶ್ರೀಮಂತ ಡಿಸ್ಟ್ರಿಕ್ಟ್‌ನ ಹಣದ ಒಂದು ಪಾಲನ್ನು ರಾಜ್ಯ ವಾಪಸ್ ತೆಗೆದುಕೊಂಡು ಹಂಚುವ ಪದ್ಧತಿ 1993ರಿಂದ ಇದೆ. ಮನೆಯ ಬೆಲೆ ಜಾಸ್ತಿ ಕಟ್ಟಿದ್ದಾರೆ ಎಂದು ತಕರಾರು ಹಾಕಲು ಸಾಮಾನ್ಯ ಗಡುವು ಮೇ 15. ಶಾಸನಸಭೆಯ ಸಾಮಾನ್ಯ ಅಧಿವೇಶನ ಬೆಸ ವರ್ಷಗಳಲ್ಲಿ ಮಾತ್ರ, ಹೆಚ್ಚೆಂದರೆ 140 ದಿನ ನಡೆಯುತ್ತದೆ. ಫ್ರಿಸ್ಕೊದಲ್ಲಿ ಬದುಕುವವರಿಗೆ ವಾಷಿಂಗ್ಟನ್‌ಗಿಂತ ಇದು ಹೆಚ್ಚು ತಟ್ಟುತ್ತದೆ.

ಉಳಿದವುಗಳ ಬಗ್ಗೆ ಎರಡೇ ಮಾತು. ಕಲೆಯ ಕೋರ್ಸ್‌ನಲ್ಲಿ ಮಗಳ ಆಸಕ್ತಿಯೇ ಮುಖ್ಯ. ಸಂಗೀತ ಅಥವಾ ಭರತನಾಟ್ಯ ಕಲಿತು ರಂಗಪ್ರವೇಶ ಮಾಡಿದ್ದರೂ ಅದಕ್ಕೆ ಕ್ರೆಡಿಟ್ ಸಿಗುವುದಿಲ್ಲ, ಆದರೆ ಸಂಗೀತ ಅಥವಾ ನೃತ್ಯದ ಕೋರ್ಸ್‌ನಲ್ಲಿ ಆ ಕಲಿಕೆ ನೆರವಾಗುತ್ತದೆ. ಸಮಾಜವಿಜ್ಞಾನದಲ್ಲಿ ಸೈಕಾಲಜಿಗೆ ಎಪಿ ಇರುವುದರಿಂದ ಅದು ಮುಗಿದಂತೆ.

ಈಗ ನಿಮ್ಮ ಸಿಟ್ಟಿಗೆ ನ್ಯಾಯ ಒದಗಿಸಬೇಕು. ಇನ್ನೂರು, ಮುನ್ನೂರು ಜನರ ಹಾಲ್, ಪಠ್ಯಪುಸ್ತಕದ ಕಂಪನಿಯೇ ತಯಾರಿಸಿದ ಸ್ಲೈಡ್‌ಗಳು, ನಾಲ್ಕು ಬಹು ಆಯ್ಕೆ ಪರೀಕ್ಷೆಗಳು, ಒಂದೂ ಪ್ರಬಂಧವಿಲ್ಲ: ಇಂಥ ಕೋರ್ಸ್‌ಗಳು ಇವೆ, ಅವು ದಂಡವೇ. ಅದೇ ಸಂಖ್ಯೆಯ ಅದೇ ಕೋರ್ಸ್ ಬೇರೆ ಸೆಕ್ಷನ್‌ನಲ್ಲಿ, ಅಂದರೆ ಬೇರೆ ಅಧ್ಯಾಪಕರ ತರಗತಿಯಲ್ಲಿ, ಚೆನ್ನಾಗಿರಬಹುದು, ಆದ್ದರಿಂದ ಆರಿಸಬೇಕಾದದ್ದು ಸೆಕ್ಷನ್ ನೋಡಿ. ಇದಕ್ಕೆ ಟೆಕ್ಸಸ್‌ನಲ್ಲಿ ಒಂದು ಅನುಕೂಲವಿದೆ. 2009ರ ಕಾಯ್ದೆಯ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯಗಳು ಪದವಿ ತರಗತಿಗಳ ಸಿಲಬಸ್ ಮತ್ತು ಅಧ್ಯಾಪಕರ ವಿವರವನ್ನು, ಲಾಗಿನ್ ಕೇಳದೆ, ಮುಖಪುಟದಿಂದ ಮೂರು ಕ್ಲಿಕ್ಕಿನೊಳಗೆ ಸಿಗುವಂತೆ ವೆಬ್‌ಸೈಟಿನಲ್ಲಿ ಹಾಕಬೇಕು. ಹಿಂದಿನ ಸೆಮಿಸ್ಟರ್‌ನ ಸಿಲಬಸ್ ತೆಗೆದು ಮೊದಲು ಅಂಕಗಳ ಹಂಚಿಕೆ ನೋಡಿ. ಬರಹಕ್ಕೆ ಶೇಕಡ 40ರಷ್ಟಾದರೂ ಇದೆಯೇ, ತಿದ್ದಿ ಮತ್ತೆ ಕೊಡಲು ಅವಕಾಶವಿದೆಯೇ, ಪಠ್ಯಪುಸ್ತಕದ ಜೊತೆ ಮೂಲ ದಾಖಲೆಗಳನ್ನು ಓದಿಸುತ್ತಾರೆಯೇ, ತರಗತಿಯಲ್ಲಿ ಎಷ್ಟು ಜನ. ಈ ನಾಲ್ಕರಲ್ಲಿ ಮೂರಕ್ಕೆ ಒಳ್ಳೆಯ ಉತ್ತರ ಸಿಕ್ಕರೆ, ಬೆಳಗಿನ ಎಂಟು ಗಂಟೆಯ ಕ್ಲಾಸಾದರೂ ಅದನ್ನೇ ಹಿಡಿಯಲಿ. ‘ಸುಲಭವಾಗಿ ಎ ಕೊಡುತ್ತಾರೆ’ ಎಂಬ ಒಂದೇ ಮಾತನ್ನು ನಂಬಿ ಸೆಕ್ಷನ್ ಆರಿಸುವುದು ಇಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು.

ಎಪಿ ವಿಷಯಕ್ಕೆ ಬರೋಣ. ಟೆಕ್ಸಸ್‌ನ ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 3 ಅಂಕಕ್ಕೇ ಕ್ರೆಡಿಟ್ ಕೊಡಬೇಕು, ಹೆಚ್ಚು ಕೇಳುವುದಾದರೆ ಅದಕ್ಕೆ ಆಧಾರ ತೋರಿಸಬೇಕು. ಮಗಳಿಗೆ 4 ಇರುವುದರಿಂದ ತೊಂದರೆಯಿಲ್ಲ. ಕೆಲವು ಕಡೆ ಕ್ರೆಡಿಟ್ ತಾನಾಗಿ ಸೇರುತ್ತದೆ, ಕೆಲವು ಕಡೆ ವಿದ್ಯಾರ್ಥಿಯೇ ಕ್ಲೈಮ್ ಮಾಡಬೇಕು. ಒಮ್ಮೆ ಸೇರಿದರೆ ಹಿಂದೆ ತೆಗೆಯುವುದು ಕಷ್ಟ. ಹಾಗಾಗಿ ಒಂದೇ ದಿನ ಕೂತು ಎಲ್ಲವನ್ನೂ ಕ್ಲಿಕ್ ಮಾಡಬೇಡಿ. ನನ್ನ ಸಲಹೆ ಇದು. ಸೈಕಾಲಜಿ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಕ್ರೆಡಿಟ್ ತೆಗೆದುಕೊಳ್ಳಿ. ಟೆಕ್ಸಸ್ ಸಂವಿಧಾನದ ಭಾಗ ಎಪಿಯಲ್ಲಿ ಬರುವುದಿಲ್ಲ, ಅದನ್ನು ಹೇಗೂ ಬೇರೆಯಾಗಿ ಓದಬೇಕು. ಇಂಗ್ಲಿಷ್‌ನಲ್ಲಿ 1301ಕ್ಕೆ ಮಾತ್ರ ಬಳಸಿ, 1302 ಅಥವಾ ತಾಂತ್ರಿಕ ಬರವಣಿಗೆಯ ಕೋರ್ಸ್ ಅನ್ನು ಕ್ಯಾಂಪಸ್‌ನಲ್ಲಿ ಕೂತು ಮಾಡಲಿ. ಚರಿತ್ರೆಯಲ್ಲಿ ಅರ್ಧ ಮಾತ್ರ ಕ್ಲೈಮ್ ಮಾಡಲು ಬಿಡುತ್ತಾರೆಯೇ ಕೇಳಿ, ಬಿಟ್ಟರೆ 1301 ಎಪಿಯಿಂದ, 1302 ಕ್ಲಾಸಿನಲ್ಲಿ. ಈ ಲೆಕ್ಕದಲ್ಲಿ ನಾಲ್ಕು ಕೋರ್ಸ್ ಕಳೆದು ಹತ್ತರಲ್ಲಿ ಆರು ಉಳಿಯುತ್ತವೆ.

ಆನ್‌ಲೈನ್ ಬೇಸಿಗೆ ಕೋರ್ಸ್ ಬೇಡವೇ ಬೇಡ ಅನ್ನುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಕ್ರೆಡಿಟ್‌ಗೆ ಖರ್ಚು ಬಹಳ ಕಡಿಮೆ, ಕಲೆ ಅಥವಾ ಕೊನೆಯ ಗುಂಪಿನ ಒಂದೆರಡು ಕೋರ್ಸ್ ಅಲ್ಲಿ ಧಾರಾಳವಾಗಿ ಮಾಡಬಹುದು. ಆದರೆ ಹದಿನಾರು ವಾರದ ಚರಿತ್ರೆಯನ್ನು ಐದು ವಾರಕ್ಕೆ ಅದುಮಿದರೆ ಮೂಲ ದಾಖಲೆ ಓದಲು, ಕರಡು ತಿದ್ದಲು ಸಮಯವೇ ಇರುವುದಿಲ್ಲ, ಉಳಿಯುವುದು ಕ್ವಿಜ್ ಮಾತ್ರ. ಹಣ ಕಟ್ಟುವ ಮುನ್ನ ರಾಜ್ಯದ ಸಮಾನ ಕೋರ್ಸ್ ಸಂಖ್ಯೆಯನ್ನು ತಾಳೆ ನೋಡಿ. ನಾಲ್ಕು ಅಂಕಿಗಳಲ್ಲಿ ಮೊದಲನೆಯದು ವರ್ಷದ ಮಟ್ಟ, ಎರಡನೆಯದು ಕ್ರೆಡಿಟ್. 1302 ಅಂದರೆ ಮೊದಲ ವರ್ಷದ್ದು, 3 ಕ್ರೆಡಿಟ್. ವಿಶ್ವವಿದ್ಯಾಲಯ ತನ್ನದೇ ಸಂಖ್ಯೆ ಬಳಸಿದರೂ ಕ್ಯಾಟಲಾಗಿನಲ್ಲಿ ಸಮಾನ ಸಂಖ್ಯೆ ಕೊಟ್ಟಿರುತ್ತದೆ. ಮನೆಯಲ್ಲಿ ಎಫ್-1 ವಿದ್ಯಾರ್ಥಿ ವೀಸಾದ ಮಕ್ಕಳಿದ್ದರೆ ಇನ್ನೊಂದು ಎಚ್ಚರ: ಸೆಮಿಸ್ಟರ್‌ನಲ್ಲಿ 12 ಕ್ರೆಡಿಟ್ ಇರಬೇಕು, ಅದರಲ್ಲಿ ಒಂದೇ ಆನ್‌ಲೈನ್ ಕೋರ್ಸ್ ಲೆಕ್ಕಕ್ಕೆ ಬರುತ್ತದೆ.

ಕೋರ್ ಎಲ್ಲ ಮೊದಲೇ ಮುಗಿಸಿಬಿಟ್ಟರೆ ಒಳ್ಳೆಯದು ಎಂಬುದು ಮನೆಮನೆಯಲ್ಲಿ ಕೇಳುವ ಮಾತು. ಅದರಿಂದ ಆಗುವ ಪೆಟ್ಟು ಮೂರನೇ ವರ್ಷ ಗೊತ್ತಾಗುತ್ತದೆ. ಕಂಪ್ಯೂಟರ್ ಸೈನ್ಸ್‌ನ ಕೋರ್ಸ್‌ಗಳು ಸರಪಳಿಯಂತೆ: ಪ್ರೋಗ್ರಾಮಿಂಗ್ ಆದ ಮೇಲೆ ಡೇಟಾ ಸ್ಟ್ರಕ್ಚರ್ಸ್, ಅದಾದ ಮೇಲೆ ಆಲ್ಗಾರಿದಮ್ಸ್, ಆಪರೇಟಿಂಗ್ ಸಿಸ್ಟಮ್ಸ್. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಲಾಗದು. ಮೊದಲ ಎರಡು ವರ್ಷ ಬರೀ ಕೋರ್ ಮಾಡಿದವರು ಸರಪಳಿಯನ್ನು ತಡವಾಗಿ ಹಿಡಿದು ನಾಲ್ಕು ವರ್ಷದಲ್ಲಿ ಮುಗಿಸಲು ಒದ್ದಾಡುತ್ತಾರೆ. ಎಪಿಯಿಂದಲೇ ಕೋರ್ ಎಲ್ಲ ಮುಗಿಸಿಕೊಂಡವರಿಗೆ ಬೇರೆ ತೊಂದರೆ. ಒಂದೇ ಸೆಮಿಸ್ಟರ್‌ನಲ್ಲಿ ನಾಲ್ಕು ಭಾರಿ ಪ್ರಾಜೆಕ್ಟ್ ಕೋರ್ಸ್ ಬಂದು ಕೂರುತ್ತವೆ, ನಡುವೆ ಉಸಿರು ಬಿಡಲು ಬೇರೆ ಬಗೆಯ ಓದೇ ಇರುವುದಿಲ್ಲ.

ಮೇಜರ್ ಬದಲಾಯಿಸುವ ಸಾಧ್ಯತೆಯನ್ನೂ ಮನಸ್ಸಿನಲ್ಲಿಡಿ. ನಮ್ಮಲ್ಲಿ ಸಿಇಟಿ ರ್‍ಯಾಂಕ್ ಬಂದ ದಿನವೇ ಬ್ರಾಂಚ್ ಹೆಚ್ಚುಕಡಿಮೆ ನಿಗದಿಯಾಗಿಬಿಡುತ್ತದೆ. ಇಲ್ಲಿ ಎರಡನೇ ವರ್ಷ ಮನಸ್ಸು ಬದಲಾದರೆ ಕೋರ್‌ನ ಕ್ರೆಡಿಟ್ ಒಂದೂ ವ್ಯರ್ಥವಾಗುವುದಿಲ್ಲ, ಬೇರೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದರೂ ಪೂರ್ಣ ಕೋರ್ ಇಡಿಯಾಗಿ ಸಲ್ಲುತ್ತದೆ. ಮೆಡಿಸಿನ್ ಕಡೆ ಹೊರಳಿದರಂತೂ ಈ ಓದು ನೇರವಾಗಿ ಕೆಲಸಕ್ಕೆ ಬರುತ್ತದೆ. ಮೆಡಿಕಲ್ ಸ್ಕೂಲಿನ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಒಂದು ಪೂರ್ತಿ ಮಾನವಿಕ ಮತ್ತು ಸಮಾಜವಿಜ್ಞಾನದ ಗದ್ಯ ಓದಿ ಉತ್ತರಿಸುವಂಥದ್ದು: 90 ನಿಮಿಷ, 53 ಪ್ರಶ್ನೆ. ಗೈಡ್ ಓದಿ ಎರಡು ತಿಂಗಳಲ್ಲಿ ಪಳಗುವ ಓದಲ್ಲ ಅದು. ಇದೇ ಸಂದರ್ಭದಲ್ಲಿ ಮನೆಯ ಚಿಕ್ಕ ಮಕ್ಕಳಿಗಾಗಿ ಒಂದು ಮಾತು. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಕೋರ್ಸ್ ಮಾಡುವ ಡ್ಯುಯಲ್ ಕ್ರೆಡಿಟ್‌ನ ಗ್ರೇಡ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ಗೆ ಶಾಶ್ವತವಾಗಿ ಸೇರುತ್ತದೆ. ಹದಿನೈದನೇ ವಯಸ್ಸಿನಲ್ಲಿ ಬಿದ್ದ ಒಂದು ‘ಸಿ’ ಮೆಡಿಕಲ್ ಸ್ಕೂಲಿನ ಅರ್ಜಿಯವರೆಗೂ ಹಿಂಬಾಲಿಸುತ್ತದೆ. ಎಪಿಯಲ್ಲಿ ಆ ಅಪಾಯವಿಲ್ಲ, ಅಂಕ ಕಡಿಮೆ ಬಂದರೆ ಕ್ಲೈಮ್ ಮಾಡದೆ ಸುಮ್ಮನಿರಬಹುದು.

ಇನ್ನೆರಡು ನಿಯಮ ಗೊತ್ತಿರಲಿ. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಇಡೀ ಪದವಿಯ ಅವಧಿಗೆ ಆರು ಕೋರ್ಸ್‌ಗಳನ್ನು ಮಾತ್ರ ಮಧ್ಯದಲ್ಲಿ ಕೈಬಿಡಬಹುದು. ದೀರ್ಘ ಸೆಮಿಸ್ಟರ್‌ನಲ್ಲಿ ತರಗತಿ ನಡೆಯುವ ದಿನಗಳ ಲೆಕ್ಕದಲ್ಲಿ ಹನ್ನೆರಡನೇ ದಿನದ ಒಳಗೆ ಬಿಟ್ಟರೆ ಅದು ಈ ಆರರ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ಸೆಕ್ಷನ್ ಸರಿಯಿಲ್ಲ ಅನ್ನಿಸಿದರೆ ಮೊದಲ ಎರಡು ವಾರದಲ್ಲೇ ನಿರ್ಧಾರ ಆಗಬೇಕು. ಎರಡನೆಯದು, ಪದವಿಗೆ ಬೇಕಾದ್ದಕ್ಕಿಂತ 30 ಕ್ರೆಡಿಟ್ ಮೀರಿದರೆ ಹೊರರಾಜ್ಯದವರ ದರದವರೆಗೂ ಫೀಸು ಏರಿಸಬಹುದು. ತರಗತಿಗೆ ಹೋಗದೆ ಪರೀಕ್ಷೆಯಿಂದ ಪಡೆದ ಎಪಿ ಕ್ರೆಡಿಟ್‌ಗಳು ಈ ಮಿತಿಗೆ ಸೇರುವುದಿಲ್ಲ.

ಓರಿಯಂಟೇಷನ್‌ಗೆ ಹೋಗುವ ಮುನ್ನ ಮಗಳು ತಾನು ಸೇರುವ ವರ್ಷದ ಕ್ಯಾಟಲಾಗನ್ನೇ ಇಳಿಸಿಕೊಳ್ಳಲಿ. ಅವಳ ಪದವಿಯ ನಿಯಮಗಳು ಆ ವರ್ಷದವು, ಅಣ್ಣನದೋ ಗೆಳತಿಯದೋ ಪಟ್ಟಿ ನಡೆಯದು. ಮೊದಲ ಸೆಮಿಸ್ಟರ್‌ಗೆ ಕ್ಯಾಲ್ಕ್ಯುಲಸ್, ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸ್, ಇಂಗ್ಲಿಷ್ 1302, ಕೋರ್‌ನ ಇನ್ನೊಂದು ಹಗುರ ಕೋರ್ಸ್, ಇಷ್ಟಾದರೆ 13-14 ಕ್ರೆಡಿಟ್ ಆಗುತ್ತದೆ. ಚರಿತ್ರೆ 1302 ಅನ್ನು ಎರಡನೇ ಅಥವಾ ಮೂರನೇ ಸೆಮಿಸ್ಟರ್‌ಗೆ ಇಟ್ಟು, ಟೆಕ್ಸಸ್ ಸರ್ಕಾರವನ್ನು ಶಾಸನಸಭೆ ಸೇರುವ ಬೆಸ ವರ್ಷದ ಜನವರಿಯಲ್ಲಿ ಶುರುವಾಗುವ ಸ್ಪ್ರಿಂಗ್ ಸೆಮಿಸ್ಟರ್‌ಗೆ ಹಾಕಿಕೊಳ್ಳಲಿ, ಆಗ ಕ್ಲಾಸಿನಲ್ಲಿ ಓದಿದ್ದು ಅದೇ ವಾರದ ಸುದ್ದಿಯಲ್ಲಿ ನಡೆಯುತ್ತಿರುತ್ತದೆ. ಅಡ್ವೈಸರ್ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ: ಕ್ಯಾಲ್ಕ್ಯುಲಸ್, ಫಿಸಿಕ್ಸ್‌ನಲ್ಲಿ ಮಿಗುವ 3 ಕ್ರೆಡಿಟ್ ಕೋರ್‌ನ ಕೊನೆಯ ಗುಂಪಿಗೆ ಸಲ್ಲುತ್ತದೆಯೇ? ಬಂದ ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಂಡು, ಯಾವ ಕ್ರೆಡಿಟ್ ಎಲ್ಲಿಗೆ ಸಲ್ಲಿದೆ ಎಂದು ತೋರಿಸುವ ಡಿಗ್ರಿ ಆಡಿಟ್‌ನ ಪ್ರತಿಯ ಜೊತೆ ಇಟ್ಟುಕೊಳ್ಳಲಿ.